ಅಮಾವಾಸ್ಯೆಯ ಅತಿಥಿಗಳು

ಕಳೆದ ತಿಂಗಳು ಪಂಚಾಂಗದ ಐದು ಅಂಗಗಳ ವಿಷಯವಾಗಿ ನಾವು ಬರೆದ ನಾಲ್ಕು ಮಾತುಗಳನ್ನು ಓದಿ, ವಾಚಕರೊಬ್ಬರು ಪತ್ರ ಬರೆದಿರುವರು. "ನಕ್ಷತ್ರಗಳ ಹೆಸರನ್ನು ಕಾಗದದ ಮೇಲೆ ಓದಿದ್ದಾಯಿತು. ನಮ್ಮ ಬೀದಿಯ ನಾಲ್ಕಾರು ಸಂಸಾರಗಳು ಕೂಡಿ, ಪೇಟೆಯ ಬೆಳಕಿಗೆ ದೂರವಾದ ಯಾವುದಾದರೊಂದು ಹಳ್ಳಿಯ ಬಯಲಿನಲ್ಲಿ ಒಂದು ರಾತ್ರಿ ಕುಳಿತು ಅವನ್ನು ಕಣ್ಣಾರೆ ನೋಡಬೇಕೆಂದಿದ್ದೇವೆ. ಹೇಗೆ ಹೊರಡಬೇಕು, ಏನೇನು ಒಯ್ಯಬೇಕು, ತಿಳಿಸುವಿರಾ?" ಎಂಬುದು ಅವರ ಅಪೇಕ್ಷೆ. ಪ್ರಶ್ನೆಯೇನೋ ಸರಳವಾಗಿದೆ. ಆದರೆ ಉತ್ತರ ಬರೆಯಲು ಕುಳಿತಾಗ, ಇದೇ ಕಾರ್ಯದಲ್ಲಿ ನಾವು ಒಮ್ಮೆ ಮುಗ್ಗರಿಸಿದ ಸಂಗತಿಯನ್ನು ಮುಚ್ಚಿಟ್ಟು ಬರಿಯ ಉಪದೇಶವನ್ನು ಮಾಡುವುದು ನ್ಯಾಯವಲ್ಲವೆಂದು ತೋರಿತು. ಆದುದರಿಂದ ಮೊದಲು ನಡೆದ ಕಥೆ, ಆಮೇಲೆ ಉಪದೇಶ.

ನಾವು ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಪಾಠ ಹೇಳಿದವರು. ಅಶ್ವಿನಿಯಿಂದ ರೇವತಿಯವರೆಗಿನ ಇಪ್ಪತ್ತೇಳು ಹೆಸರುಗಳನ್ನು ಎಷ್ಟು ಮಕ್ಕಳಿಂದ ಬಾಯಿಪಾಠ ಮಾಡಿಸಿದೆವೋ ಲೆಕ್ಕವಿಲ್ಲ. ದಿನವೂ ಬೆಳಿಗ್ಗೆ ಸಂಕಲ್ಪಕಾಲದಲ್ಲಿ ಆ ದಿನದ ನಕ್ಷತ್ರವನ್ನು ಉಚ್ಚರಿಸುವುದೂ ಉಂಟು. ಹೀಗಿರಲು 2022ನೆಯ ಡಿಸೆಂಬರಿನಲ್ಲಿ ಒಂದು ದಿನ, ಆಗ ಒಂಬತ್ತು ವರ್ಷದವಳಾಗಿದ್ದ ನಮ್ಮ ಮೊಮ್ಮಗಳು ಪೂಜೆಯ ಬಳಿ ಕುಳಿತಿದ್ದವಳು, "ತಾತ, ಈಗ ರೇವತಿ ಅಂದೆಯಲ್ಲ, ಅದು ಎಲ್ಲಿದೆ? ರಾತ್ರಿ ತೋರಿಸು" ಎಂದು ಬಿಟ್ಟಳು.

ಅಂದು ಸಂಜೆ ತುಮಕೂರಿನ ನಮ್ಮ ಮನೆಯ ತಾರಸಿಯನ್ನು ಹತ್ತಿದೆವು. ಗುರು ಕಂಡನು, ಕುಜನು ಕೆಂಪಾಗಿ ಹೊಳೆಯುತ್ತಿದ್ದನು, ರೋಹಿಣಿಯನ್ನೂ ತೋರಿಸಿದೆವು. ರೇವತಿಯ ಸ್ಥಳದಲ್ಲಿ ಮಾತ್ರ ಬೂದಿಬಣ್ಣದ ಆಕಾಶವೊಂದೇ ಇದ್ದಿತು. ಕೆಳಗಿಳಿದು ಗ್ರಂಥಗಳನ್ನು ತೆರೆದು ನೋಡಿದರೆ ಕಾರಣವು ತಿಳಿಯಿತು. ರೇವತಿಯ ಯೋಗತಾರೆಯೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿರುವ ತಾರೆಯು ಮೀನರಾಶಿಯ ಝೀಟಾ. ಅದರ ಕಾಂತಿಮಾನವು 5.2. ಈ ಅಳತೆಯಲ್ಲಿ ಅಂಕ ಹೆಚ್ಚಿದಷ್ಟೂ ತಾರೆಯು ಮಂಕು. ಒಳ್ಳೆಯ ಕತ್ತಲೆಯಲ್ಲಿ ಬರಿಗಣ್ಣಿಗೆ ಎಟುಕುವ ಎಲ್ಲೆಯು ಸುಮಾರು 6. ದೀಪಗಳಿಂದ ತುಂಬಿದ ಪಟ್ಟಣದಲ್ಲಿಯಾದರೋ ಅದು 3 ಅಥವಾ 4ಕ್ಕೆ ನಿಂತುಬಿಡುವುದು. ಸೂರ್ಯಸಿದ್ಧಾಂತದಲ್ಲಿ ರಾಶಿಚಕ್ರದ ಆದಿಬಿಂದುವು ಈ ರೇವತಿಯ ಬಳಿಯಲ್ಲಿಯೇ ಇದೆ. ಎಲ್ಲಿಂದ ಎಣಿಕೆಯು ಮೊದಲಾಗುವುದೋ ಆ ತಾರೆಯನ್ನೇ ನಾವು ಒಮ್ಮೆಯೂ ಕಂಡಿರಲಿಲ್ಲ! ಮಗುವಿಗೆ ಏನು ಹೇಳಬೇಕೋ ತೋಚದೆ, "ಕತ್ತಲೆಯ ಊರಿಗೆ ಹೋಗಿ ನೋಡೋಣ" ಎಂದು ಮಾತು ಕೊಟ್ಟೆವು.

ಕತ್ತಲೆಯೆಂಬುದೂ ಈಗ ಹುಡುಕಿಕೊಂಡು ಹೋಗಬೇಕಾದ ವಸ್ತುವಾಗಿರುವುದು ವಿಚಿತ್ರವಾದರೂ ನಿಜ. ದೀಪದಿಂದ ಪಕ್ಕಕ್ಕೂ ಮೇಲಕ್ಕೂ ಹರಿದ ಬೆಳಕು ಗಾಳಿಯ ಅಣುಗಳಿಗೂ ಧೂಳಿನ ಕಣಗಳಿಗೂ ತಾಗಿ ಚೆದರಿ, ಊರಿನ ಮೇಲೆ ಮಸುಕಾದ ಒಂದು ಚಪ್ಪರವನ್ನು ಕಟ್ಟುತ್ತದೆ. ಅದರಲ್ಲಿಯೂ ಈಚಿನ ಎಲ್‌ಇಡಿ ದೀಪಗಳ ನೀಲಿ ಬೆರೆತ ಬಿಳಿಯ ಬೆಳಕು ಹಳದಿಯ ಬೆಳಕಿಗಿಂತ ಹೆಚ್ಚಾಗಿ ಚೆದರತಕ್ಕದ್ದು. 2011ರಿಂದ 2022ರವರೆಗೆ ಜನಸಾಮಾನ್ಯರು ಬರಿಗಣ್ಣಿನಿಂದ ಮಾಡಿದ 50,000ಕ್ಕೂ ಮೀರಿದ ವೀಕ್ಷಣೆಗಳನ್ನು ಕೂಡಿಸಿ ಲೆಕ್ಕಹಾಕಿದ ಒಂದು ಲೇಖನವು 2023ನೆಯ ಜನವರಿಯಲ್ಲಿ ಸೈನ್ಸ್ ಎಂಬ ಪತ್ರಿಕೆಯಲ್ಲಿ ಪ್ರಕಟವಾಯಿತು. ವೀಕ್ಷಣೆಗಳಲ್ಲಿ ಬಹುಪಾಲು ಯೂರೋಪು ಅಮೆರಿಕಗಳವು. ಅದರಂತೆ ರಾತ್ರಿಯ ಆಕಾಶವು ಸರಾಸರಿ ವರ್ಷಕ್ಕೆ ಶೇಕಡಾ 9.6ರಷ್ಟು ಬೆಳಗುತ್ತ ಬಂದಿದೆ. ಹುಟ್ಟಿದಾಗ 250 ನಕ್ಷತ್ರಗಳು ಕಾಣುತ್ತಿದ್ದ ಸ್ಥಳದಲ್ಲಿಯೇ ಬೆಳೆದ ಮಗುವಿಗೆ 18 ವರ್ಷ ತುಂಬುವ ಹೊತ್ತಿಗೆ ಸುಮಾರು 100 ಮಾತ್ರ ಉಳಿಯುವುವಂತೆ.

ಇರಲಿ. 2023ನೆಯ ಜನವರಿ 21, ಶನಿವಾರ, ಪುಷ್ಯಮಾಸದ ಅಮಾವಾಸ್ಯೆ. ಮಗುವಿಗೆ ಕೊಟ್ಟ ಮಾತಿನಂತೆ ನೆರೆಹೊರೆಯವರೂ ನಮ್ಮ ಹಳೆಯ ಶಿಷ್ಯರೂ ಸೇರಿ ಹನ್ನೊಂದು ಮಂದಿ, ಎರಡು ಮೋಟಾರು ಗಾಡಿಗಳಲ್ಲಿ ಹಿರಿಯೂರಿನ ಸೀಮೆಗೆ ಹೊರಟೆವು. ಶಿಷ್ಯನೊಬ್ಬನ ಬಳಿ ತಕ್ಕಮಟ್ಟಿಗೆ ದೊಡ್ಡದಾದ ದುರ್ಬೀನು ಇದ್ದಿತು. ಹೆದ್ದಾರಿಯನ್ನು ಬಿಟ್ಟು ಒಳಕ್ಕೆ ಹೋಗಿ, ಹಾಳು ಮಂಟಪವೊಂದರ ಪಕ್ಕದಲ್ಲಿ ಬಯಲನ್ನು ಕಂಡು ಗಾಡಿಗಳನ್ನು ನಿಲ್ಲಿಸಿದೆವು. ಯಾರ ಜಮೀನು, ಯಾವ ಊರು ಎಂದು ವಿಚಾರಿಸುವ ಬುದ್ಧಿ ಹನ್ನೊಂದು ಮಂದಿಯಲ್ಲಿ ಒಬ್ಬರಿಗೂ ಹುಟ್ಟಲಿಲ್ಲ.

ರಾತ್ರಿ ಒಂಬತ್ತರ ಹೊತ್ತಿಗೆ ದೂರದಲ್ಲಿ ಬ್ಯಾಟರಿಗಳ ಬೆಳಕು ಕಂಡಿತು. ನೋಡುನೋಡುತ್ತಿರುವಂತೆಯೇ ಇಪ್ಪತ್ತು ಮಂದಿ ಗಂಡಸರು ದೊಣ್ಣೆಗಳನ್ನು ಹಿಡಿದು ಸುತ್ತುವರಿದರು. ಅಮಾವಾಸ್ಯೆಯ ರಾತ್ರಿ, ಹಾಳು ಮಂಟಪ, ಹೊರಗಿನ ಗಾಡಿಗಳು, ಉದ್ದನೆಯ ಒಂದು ಕೊಳವೆ: ನಿಧಿಗಳ್ಳರೆಂದು ಅವರು ಭಾವಿಸಿದುದರಲ್ಲಿ ಆಶ್ಚರ್ಯವೇನು? ಹಿರಿಯರೊಬ್ಬರು ಮುಂದೆ ಬಂದು, "ಯಾವೂರು ಸ್ವಾಮಿ ನಿಮ್ದು? ಈಟೊತ್ನಾಗೆ ಇಲ್ಲೇನ್ ಕೆಲ್ಸ?" ಎಂದರು. ನಾವು ನಕ್ಷತ್ರ ನೋಡಲು ಬಂದವರೆಂದು ಹೇಳಿದೆವು. ಆ ಮಾತು ಆ ಗಳಿಗೆಯಲ್ಲಿ ನಮ್ಮ ಕಿವಿಗೇ ಸುಳ್ಳಿನಂತೆ ಕೇಳಿಸಿತು. ಹೆಂಗಸರು ಮಕ್ಕಳನ್ನು ಕಂಡು ಅವರ ಕೋಪವು ಸ್ವಲ್ಪ ತಗ್ಗಿತು. ಆದರೆ ಬ್ಯಾಟರಿಯ ಬೆಳಕು ನೆಲದ ಮೇಲೆ ಬಿದ್ದಾಗ ಮತ್ತೊಂದು ಅಪರಾಧವು ಬಯಲಿಗೆ ಬಂದಿತು. ನಾವು ಬರಿಯ ಬಯಲೆಂದುಕೊಂಡಿದ್ದ ನೆಲದ ಅಂಚಿನಲ್ಲಿ ಕಡಲೆಯ ಬೆಳೆಯಿದ್ದಿತು. ಎರಡು ಗಾಡಿಗಳ ಚಕ್ರಗಳೂ ಅದರ ಮೇಲೆ ಹರಿದಿದ್ದುವು.

ಹಿರಿಯರು ಬಗ್ಗಿ ನುಗ್ಗಾದ ಗಿಡವೊಂದನ್ನು ಎತ್ತಿ ನೋಡಿ, "ಚುಕ್ಕಿ ನೋಡ್ಬೇಕಂದ್ರೆ ಹಗಲ್ನಾಗೆ ಬಂದು ಒಂದ್ ಮಾತು ಕೇಳ್ಬೇಕಿತ್ತು ಸ್ವಾಮಿ" ಎಂದರು. ಅವರು ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ಸಾಮಾನನ್ನು ಕಟ್ಟಿಕೊಂಡು ಹಿಂದಿರುಗಿದೆವು. ರೇವತಿಯನ್ನು ನೋಡಲಿಲ್ಲ. ದಾರಿಯುದ್ದಕ್ಕೂ ಮಗುವು ಮಾತಾಡಲಿಲ್ಲ.

ಮುಂದಿನ ವಾರ ನಾವೊಬ್ಬರೇ ಬಸ್ಸಿನಲ್ಲಿ ಆ ಹಳ್ಳಿಗೆ ಹೋದೆವು. ಜಮೀನು ಆ ಹಿರಿಯರದೇ. ನಷ್ಟದ ಹಣವನ್ನು ಮುಂದಿಟ್ಟಾಗ ಅವರು ಸುಮ್ಮನೆ ಉಪಚಾರದ ಮಾತನ್ನಾಡದೆ, ಎಷ್ಟು ಗಿಡ ಹೋಯಿತೆಂದು ಲೆಕ್ಕಹಾಕಿ, ಅಷ್ಟಕ್ಕೆ ತಕ್ಕುದನ್ನು ತೆಗೆದುಕೊಂಡು ಮಿಕ್ಕುದನ್ನು ಹಿಂದಕ್ಕೆ ಕೊಟ್ಟರು. ಆ ಮೇಲೆ ಜಗಲಿಯಲ್ಲಿ ಕುಳ್ಳಿರಿಸಿ ಮಜ್ಜಿಗೆ ಕೊಟ್ಟು, "ಅದ್ಸರಿ ಮೇಷ್ಟ್ರೇ, ಆ ಕೊಳವೇನಾಗೆ ಏನ್ ಕಾಣ್ತೈತೆ?" ಎಂದು ಕೇಳಿದರು. ಎರಡನೆಯ ಪ್ರಯತ್ನವು ಮೊದಲಾದದ್ದು ಈ ಪ್ರಶ್ನೆಯಿಂದ.

ಆ ವರ್ಷದ ಡಿಸೆಂಬರ್ 14, ಗುರುವಾರ, ಮಾರ್ಗಶಿರ ಶುದ್ಧ ಬಿದಿಗೆಯನ್ನು ಗೊತ್ತುಮಾಡಿದೆವು. ಚಂದ್ರನು ಸಂಜೆಯೇ ಮುಳುಗುವನು. ಅದಲ್ಲದೆ ವರ್ಷಕ್ಕೊಮ್ಮೆ ಬರುವ ಮಿಥುನರಾಶಿಯ ಉಲ್ಕಾವೃಷ್ಟಿಯು ಉಚ್ಛ್ರಾಯಕ್ಕೆ ಬರುವ ರಾತ್ರಿಯೂ ಅದೇ. 1983ರಲ್ಲಿ ಪತ್ತೆಯಾದ ಫೇಥಾನ್ ಎಂಬ ಕ್ಷುದ್ರಗ್ರಹದ ದಾರಿಯಲ್ಲಿ ಚೆಲ್ಲಿರುವ ಧೂಳು ನಮ್ಮ ವಾಯುಮಂಡಲವನ್ನು ಸೆಕೆಂಡಿಗೆ ಸುಮಾರು 35 ಕಿಲೋಮೀಟರ್ ವೇಗದಲ್ಲಿ ಹೊಕ್ಕು ಉರಿಯುವುದೇ ಈ ವೃಷ್ಟಿ. ಶಾಲೆಯ ಮುಖ್ಯೋಪಾಧ್ಯಾಯರೂ ಪಂಚಾಯಿತಿಯವರೂ ಒಪ್ಪಿದರು. ಪೊಲೀಸು ಠಾಣೆಗೆ ಒಂದು ಕಾಗದವನ್ನು ಬರೆದು ಕೊಟ್ಟೆವು.

ಒಂದು ವಿಷಯದಲ್ಲಿ ಮಾತ್ರ ತೊಡಕು ಬಂದಿತು. ಶಾಲೆಯ ಮೂಲೆಯ ಕಂಬದಲ್ಲಿ ಪ್ರಖರವಾದ ಬಿಳಿಯ ದೀಪವೊಂದು ಉರಿಯುತ್ತಿದ್ದಿತು. ಒಂದು ರಾತ್ರಿಯ ಮಟ್ಟಿಗೆ ಅದನ್ನು ಆರಿಸಬಹುದೇ ಎಂದು ನಾವು ಕೇಳಿದಾಗ, ಎದುರು ಮನೆಯ ಹೆಂಗಸೊಬ್ಬರು ಬಾಗಿಲಿಗೆ ಬಂದು, "ಆ ದೀಪ ಬರಾಕ್ ಮುಂಚೆ ನಮ್ಮನೇರು ಇದೇ ದಾರೀನಾಗೆ ಹಾವು ತುಳಿದು ಹೋದ್ರು ಸ್ವಾಮಿ. ನಿಮಗೆ ಕತ್ಲೆ ಒಂದಿನದ ಆಟ. ನಮಗೆ ಅಲ್ಲ" ಎಂದರು.

ಈ ಮಾತಿಗೆ ನಾವು ಏನನ್ನು ಹೇಳಬಲ್ಲೆವು? ಪಟ್ಟಣದಲ್ಲಿ ಸಾವಿರ ದೀಪಗಳ ನಡುವೆ ಬದುಕುವ ನಾವು, ಹಳ್ಳಿಗೆ ಬಂದು ಇರುವ ಒಂದು ದೀಪವನ್ನು ಆರಿಸಿರೆನ್ನುವುದು ಯಾವ ಧರ್ಮ? ದೀಪವು ಆರಬೇಕಾಗಿಲ್ಲವೆಂದು ಅಲ್ಲಿಯೇ ಹೇಳಿದೆವು. ಆ ಹೆಂಗಸಿನ ಕ್ಷಮೆಯನ್ನೂ ಕೇಳಿದೆವು. ಆಗ ಪಂಚಾಯಿತಿಯ ವಿದ್ಯುತ್ ಕೆಲಸದವನು ಕಂಬವನ್ನು ನೋಡಿ, ದೀಪದ ತಲೆಯು ಓರೆಯಾಗಿ ಆಕಾಶದ ಕಡೆಗೆ ತಿರುಗಿರುವುದೆಂದೂ, ಅರ್ಧ ಬೆಳಕು ದಾರಿಗೆ ಬೀಳದೆ ಬಯಲಿಗೆ ಹೋಗುತ್ತಿರುವುದೆಂದೂ ತೋರಿಸಿದನು. ಅದನ್ನು ನೆಲಕ್ಕೆ ನೇರವಾಗಿ ತಿರುಗಿಸಿದ್ದೇ ತಡ, ಕೆಳಗಿನ ದಾರಿಯು ಮೊದಲಿಗಿಂತ ಹೆಚ್ಚು ಬೆಳಗಿತು. ಹುಣಸೆಯ ತೋಪಿನ ಆಚೆಯ ಕಣದ ಕಡೆಗೆ ಹರಿಯುತ್ತಿದ್ದ ಬೆಳಕು ನಿಂತಿತು. ನಾವು ಶಾಲೆಯ ಅಂಗಳವನ್ನು ಬಿಟ್ಟು ಆ ಕಣವನ್ನು ಆರಿಸಿಕೊಂಡೆವು. ಆ ಹೆಂಗಸೂ ರಾತ್ರಿ ಅಲ್ಲಿಗೆ ಬಂದಿದ್ದರು.

ಲಡಾಖಿನ ಹಾನ್ಲೆಯಲ್ಲಿ ನಡೆದಿರುವುದೂ ಇದೇ ಬಗೆಯದು. ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆಯ ವೀಕ್ಷಣಾಲಯವು ಅಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿದೆ. 2022ರಲ್ಲಿ ಅದರ ಸುತ್ತಿನ ಪ್ರದೇಶವನ್ನು ಕತ್ತಲೆಯ ಆಕಾಶದ ರಕ್ಷಿತ ಪ್ರದೇಶವೆಂದು ಸಾರಿದರು. ಹಾಗೆಂದು ಹಳ್ಳಿಗರನ್ನು ಕತ್ತಲೆಯಲ್ಲಿ ಕೂಡಿಹಾಕಲಿಲ್ಲ; ದೀಪಗಳಿಗೆ ಮರೆ, ಕಿಟಕಿಗಳಿಗೆ ಪರದೆ, ಇಷ್ಟನ್ನು ಕೇಳಿಕೊಂಡರು. ಅಲ್ಲಿನ ಹಳ್ಳಿಗರಲ್ಲಿಯೇ 24 ಮಂದಿಗೆ ಆಕಾಶವನ್ನು ತೋರಿಸುವ ಶಿಕ್ಷಣವನ್ನೂ ದೂರದರ್ಶಕ ಯಂತ್ರಗಳನ್ನೂ ಕೊಟ್ಟರು. ಬರುವ ಯಾತ್ರಿಕರಿಗೆ ನಕ್ಷತ್ರ ತೋರಿಸುವವರು ಆ ಊರಿನವರೇ. ಇಂತಹ ಕೂಟಗಳ ಪದ್ಧತಿಯು ಹೊಸದೇನೂ ಅಲ್ಲ. ಅಮೆರಿಕದ ವರ್ಮಾಂಟ್ ಪ್ರಾಂತ್ಯದ ಸ್ಟೆಲ್ಲಫೇನ್ ಎಂಬ ಸ್ಥಳದಲ್ಲಿ ದೂರದರ್ಶಕಗಳನ್ನು ಕೈಯಾರೆ ಕಟ್ಟಿದವರು 1926ರಲ್ಲಿ ಕೂಡಿದುದೇ ಹೆಸರಾದ ಮೊದಲ ಕೂಟ. ಆದರೆ ಊರಿನವರೇ ಆತಿಥೇಯರಾಗುವ ಹಾನ್ಲೆಯ ರೀತಿಯು ನಮಗೆ ಹೆಚ್ಚು ಮೆಚ್ಚಿಕೆಯಾದುದು.

ಆ ರಾತ್ರಿಯ ವಿಷಯಕ್ಕೆ ಬರೋಣ. ದುರ್ಬೀನಿನ ಮುಂದಿನ ಸಾಲಿನಲ್ಲಿ ಮೊದಲು ಊರಿನವರು, ಆಮೇಲೆ ನಾವು. ಶನಿಯ ಬಳೆಯನ್ನು ನೋಡಿದ ಹುಡುಗನೊಬ್ಬನು ಕೊಳವೆಯ ಮುಂದುಗಡೆಗೆ ಹೋಗಿ ಯಾರಾದರೂ ಚಿತ್ರವನ್ನು ಅಂಟಿಸಿರುವರೇ ಎಂದು ಪರೀಕ್ಷಿಸಿ ಬಂದನು. ಗುರುವಿನ ನಾಲ್ಕು ಚಂದ್ರರನ್ನು ಮುದುಕರೂ ಮಕ್ಕಳೂ ನೋಡಿದರು. ಬಳಿಕ ನಾವು ಮೂಡಣದಲ್ಲಿ ಕೆಂಪಗೆ ಬೆಳಗುತ್ತಿದ್ದ ತಾರೆಯನ್ನು ತೋರಿಸಿ, "ಇದು ರೋಹಿಣಿ" ಎಂದಾಗ, ಜಮೀನಿನ ಹಿರಿಯರು, "ರೋಹಿಣಿ ಅಂದ್ರೆ ಮಳೆ ಅಲ್ವೇನ್ರೀ? ಚುಕ್ಕೀನಾ?" ಎಂದು ಬೆರಗಾದರು. ಸೂರ್ಯನು ಮೇ ತಿಂಗಳ ಕೊನೆಯಲ್ಲಿ ಆ ತಾರೆಯ ಸಮೀಪಕ್ಕೆ ಬಂದಾಗ ಸುರಿಯುವುದೇ ರೋಹಿಣಿ ಮಳೆ. ಆಗ ತಾರೆಯು ಹಗಲಿನ ಬೆಳಕಿನಲ್ಲಿ ಮುಳುಗಿರುವುದರಿಂದ ಕಾಣದು. ಆರು ತಿಂಗಳು ಕಳೆದು ಸೂರ್ಯನು ಆಕಾಶದ ಎದುರು ಭಾಗಕ್ಕೆ ಹೋದಾಗ, ಮಳೆಯ ನಕ್ಷತ್ರಗಳು ಚಳಿಗಾಲದ ರಾತ್ರಿಯಲ್ಲಿ ಒಂದರ ಹಿಂದೊಂದು ಮೂಡುತ್ತವೆ. ಕೃತ್ತಿಕೆ, ಮೃಗಶಿರೆ, ಆರಿದ್ರೆಗಳನ್ನು ಬೆರಳಿಟ್ಟು ತೋರಿಸಿದೆವು. ಅವರು ಬಹಳ ಹೊತ್ತು ತಲೆಯೆತ್ತಿ ನಿಂತಿದ್ದು, "ಇಷ್ಟು ವರ್ಷ ಹೆಸರ್ ಹಿಡ್ದು ಬಿತ್ತಿದ್ವಿ, ಮುಖ ನೋಡಿರ್ಲಿಲ್ಲ" ಎಂದರು. ಸಂಕಲ್ಪದಲ್ಲಿ ಹೆಸರನ್ನು ಹೇಳಿ ಮುಖವನ್ನು ನೋಡದಿದ್ದ ನಮಗೂ ಅವರಿಗೂ ಆ ಕಣದಲ್ಲಿ ಯಾವ ಭೇದವೂ ಉಳಿಯಲಿಲ್ಲ.

ಎಂಟು ಗಂಟೆಯ ಸುಮಾರಿಗೆ ರೇವತಿಯು ನೆತ್ತಿಯ ಮೇಲಿದ್ದಿತು. ಗುರುವಿನಿಂದ ಪಡುವಣಕ್ಕೆ, ಚಾಚಿದ ಕೈಯ ಒಂದೂವರೆ ಮುಷ್ಟಿಯಷ್ಟು ದೂರದಲ್ಲಿ, ದಾರದಲ್ಲಿ ಪೋಣಿಸಿದಂತಿರುವ ಮಂಕಾದ ತಾರೆಗಳ ಸಾಲಿನಲ್ಲಿ ಎಲ್ಲಕ್ಕಿಂತ ಮಂಕಾದುದು ಅದು. ಚಾಪೆಯ ಮೇಲೆ ಮಲಗಿ ಮೊಮ್ಮಗಳಿಗೆ ಗುರುತು ಹೇಳಿದೆವು. ಅವಳು ಎರಡು ನಿಮಿಷದಲ್ಲಿ "ಕಂಡಿತು ತಾತ" ಎಂದಳು. ನಮಗೆ ಕಾಣಲಿಲ್ಲ. ಅರುವತ್ತರ ಕಣ್ಣು, ಮನಸ್ಸಿಗೆ ತುಸು ಕಳವಳವಾಯಿತು. ಕಣ್ಣಿನ ನಡುಭಾಗಕ್ಕಿಂತ ಅಂಚಿನ ಭಾಗವು ಮಂದವಾದ ಬೆಳಕನ್ನು ಚೆನ್ನಾಗಿ ಗ್ರಹಿಸುವುದೆಂದು ಓದಿದ್ದುದು ನೆನಪಾಗಿ, ನೇರವಾಗಿ ದಿಟ್ಟಿಸುವುದನ್ನು ಬಿಟ್ಟು ಸ್ವಲ್ಪ ಪಕ್ಕಕ್ಕೆ ನೋಡಿದೆವು. ಆಗ ನೋಟದ ಅಂಚಿನಲ್ಲಿ ಸಣ್ಣದೊಂದು ಚುಕ್ಕೆ ಮೂಡಿತು, ನೇರವಾಗಿ ನೋಡಿದರೆ ಮರೆಯಾಯಿತು, ಮತ್ತೆ ಮೂಡಿತು. ಅಷ್ಟೇ. ಬಾಲ್ಯದಿಂದ ಹೆಸರು ಹೇಳುತ್ತ ಬಂದ ರೇವತಿ ಅದು.

ಹತ್ತರಿಂದ ಹನ್ನೊಂದರವರೆಗೆ ಮಕ್ಕಳು ಉಲ್ಕೆಗಳನ್ನೆಣಿಸಿದರು. ಪುನರ್ವಸುವಿನ ಬಳಿಯಿಂದ ಹೊರಟಂತೆ ತೋರುವ ಒಂದೊಂದು ಉಲ್ಕೆಗೂ ಒಂದೊಂದು ಹುಣಸೆಯ ಬೀಜವನ್ನು ಗಡಿಗೆಗೆ ಹಾಕಿದರು. ಕೊನೆಗೆ ಎಣಿಸಿದರೆ 63 ಬೀಜಗಳಿದ್ದುವು.

ಇನ್ನು ನಮ್ಮ ವಾಚಕರು ಕೇಳಿದ ಉಪದೇಶ. ಮೊದಲನೆಯದಾಗಿ, ದಿನ. ಬಹುಳ ದಶಮಿಯಿಂದ ಶುದ್ಧ ತದಿಗೆಯೊಳಗಿನ ರಾತ್ರಿಗಳು ಉತ್ತಮ. ಬಯಲುಸೀಮೆಯಲ್ಲಿ ಡಿಸೆಂಬರಿನಿಂದ ಮಾರ್ಚಿಯವರೆಗೆ ಆಕಾಶವು ಸಾಮಾನ್ಯವಾಗಿ ತಿಳಿಯಾಗಿರುವುದು. ಆದರೂ ಮೋಡದ ರಾತ್ರಿಗಾಗಿ ಮತ್ತೊಂದು ದಿನವನ್ನು ಮೊದಲೇ ಗೊತ್ತುಮಾಡಿರತಕ್ಕದ್ದು. ತೆಂಕಣದಲ್ಲಿ ಅಗಸ್ತ್ಯನನ್ನು ನೋಡಲು ಚಳಿಗಾಲವೂ, ತ್ರಿಶಂಕುವನ್ನು ನೋಡಲು ಏಪ್ರಿಲ್ ಮೇ ತಿಂಗಳುಗಳೂ ತಕ್ಕುವು. ಇವೆರಡೂ ಉತ್ತರದೇಶದವರಿಗಿಂತ ನಮಗೆ ಎತ್ತರದಲ್ಲಿ ಕಾಣತಕ್ಕವು.

ಎರಡನೆಯದಾಗಿ, ಸ್ಥಳ. ಹಗಲಿನಲ್ಲಿ ಒಮ್ಮೆ ಹೋಗಿ ನೋಡದ ಸ್ಥಳಕ್ಕೆ ರಾತ್ರಿ ಹೋಗಲಾಗದು. ತೆರೆದ ಬಾವಿ, ಕಲ್ಲುಗುಪ್ಪೆ, ಬೆಳೆ, ಹುತ್ತಗಳನ್ನು ಗುರುತುಮಾಡಿಕೊಳ್ಳಿರಿ. ಜಮೀನಿನ ಒಡೆಯರನ್ನೂ ಪಂಚಾಯಿತಿಯವರನ್ನೂ ಕೇಳಿರಿ, ಠಾಣೆಗೆ ತಿಳಿಸಿರಿ, ಅರಣ್ಯದ ನೆಲವಾದರೆ ಇಲಾಖೆಯ ಅನುಮತಿಯಿಲ್ಲದೆ ಕಾಲಿಡಬೇಡಿರಿ. ಹೆಂಗಸರು ಮಕ್ಕಳಿಗೆ ಶೌಚದ ಅನುಕೂಲವಿದೆಯೇ ಎಂಬುದನ್ನು ಮೊದಲೇ ವಿಚಾರಿಸಿರಿ. ನಮ್ಮ ಕೂಟಕ್ಕೆ ಶಾಲೆಯು ನೆರವಾಯಿತು.

ಮೂರನೆಯದಾಗಿ, ಬೆಳಕು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಒಬ್ಬರು ಮೊಬೈಲನ್ನು ಬೆಳಗಿಸಿದರೆ ಎಲ್ಲರ ಅರ್ಧ ಗಂಟೆಯೂ ವ್ಯರ್ಥ. ಬ್ಯಾಟರಿಯ ಮುಖಕ್ಕೆ ಕೆಂಪು ಕಾಗದವನ್ನು ಎರಡು ಮೂರು ಪದರ ಕಟ್ಟಿರಿ. ಕೆಂಪು ಬೆಳಕಿನಿಂದ ಕಣ್ಣಿನ ಹೊಂದಿಕೆಯು ಅಷ್ಟಾಗಿ ಕೆಡದು. ನಡೆದಾಡುವಾಗ ಮಾತ್ರ ನೆಲದ ಮೇಲೆ ಬೆಳಕಿರಲಿ, ಕಾಲಲ್ಲಿ ಮೆಟ್ಟಿರಲಿ. ನಕ್ಷತ್ರಕ್ಕಿಂತ ಹಾವು ಹತ್ತಿರ. ಗಾಡಿಗಳನ್ನು ದೂರದಲ್ಲಿ, ಹೊರಡುವ ದಿಕ್ಕಿಗೆ ಮುಖಮಾಡಿ ನಿಲ್ಲಿಸಿರಿ.

ನಾಲ್ಕನೆಯದಾಗಿ, ಸಾಮಾನು. ಚಾಪೆ, ಕಂಬಳಿ, ಕಿವಿಗೆ ಕಟ್ಟಲು ವಸ್ತ್ರ, ಕುಡಿಯುವ ನೀರು, ಬುತ್ತಿ. ಚಳಿಗಾಲದ ಇಬ್ಬನಿಯನ್ನು ಪಟ್ಟಣದವರು ಮರೆತಿರುತ್ತಾರೆ. ದುರ್ಬೀನು ಇಲ್ಲವೆಂದು ಹಿಂದೆಗೆಯಬೇಡಿರಿ. ಉಲ್ಕೆಗಳಿಗೆ ಬರಿಗಣ್ಣೇ ಶ್ರೇಷ್ಠ. ತಂದ ಕಸವೆಲ್ಲವೂ ನಿಮ್ಮೊಡನೆ ಹಿಂದಿರುಗಲಿ.

ಐದನೆಯದು ಮೇಲಿನ ನಾಲ್ಕಕ್ಕೂ ಮೂಲವಾದುದು. ಕತ್ತಲೆಯು ಯಾರೂ ಇಲ್ಲದ ನೆಲವಲ್ಲ. ಅಲ್ಲಿ ಬಿತ್ತುವವರಿದ್ದಾರೆ, ನಡೆಯುವವರಿದ್ದಾರೆ, ಅದಕ್ಕೆ ಅಂಜುವವರೂ ಇದ್ದಾರೆ. ಅತಿಥಿಗಳಾಗಿ ಹೋಗಿರಿ. ನಿಮ್ಮ ಊರಿಗೆ ಹಿಂದಿರುಗಿದ ಮೇಲೆ ನಿಮ್ಮ ಮನೆಯ ಹೊರಗಿನ ದೀಪವು ಎತ್ತ ಮುಖಮಾಡಿದೆಯೆಂಬುದನ್ನೂ ಒಮ್ಮೆ ನೋಡಿಕೊಳ್ಳಿರಿ. ನಮ್ಮದನ್ನು ನಾವು ತಿರುಗಿಸಿಕೊಂಡದ್ದು ಆ ಹಳ್ಳಿಯಿಂದ ಬಂದ ಮಾರನೆಯ ದಿನ.

2024ನೆಯ ಡಿಸೆಂಬರಿನಲ್ಲಿ ಆ ಹಿರಿಯರೇ ದೂರವಾಣಿಯಲ್ಲಿ ಕರೆದು, "ಈ ಸಲ ಬರಲ್ವಾ ಮೇಷ್ಟ್ರೇ? ಹುಡುಗ್ರು ಹುಣಸೆಬೀಜ ಕೂಡಿಟ್ಟವ್ರೆ" ಎಂದರು. ಉಲ್ಕಾವೃಷ್ಟಿಯ ದಿನಕ್ಕೆ ಹುಣ್ಣಿಮೆಯು ಸಮೀಪಿಸಿರುವುದೆಂದೂ, ಬೆಳದಿಂಗಳಿನಲ್ಲಿ ಏನೂ ಕಾಣದೆಂದೂ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ದೀಪ ತಿರುಗ್ಸಾಕೆ ಪಂಚಾಯ್ತಿಗೆ ಹೇಳಾಕಾಗಲ್ಲ ಬಿಡಿ" ಎಂದು ನಕ್ಕರು. ಮಾಘದ ಅಮಾವಾಸ್ಯೆಗೆ ಬರುವುದೆಂದು ಗೊತ್ತಾಯಿತು.